ಹೈಬ್ರಿಡ್ ಬೀಜವನ್ನು ಮರುವರ್ಷಕ್ಕೆ ಏಕೆ ಇಡಬಾರದು?
(ಬೀಜದ ಚೀಟಿಯ ಮೇಲಿನ ಮಾತುಗಳ ಅರ್ಥ)



ಕಳೆದ ಮುಂಗಾರಿನಲ್ಲಿ ಹಿರಿಯ ರೈತರೊಬ್ಬರು ನನ್ನನ್ನು ತಮ್ಮ ಮುಸುಕಿನ ಜೋಳದ ಹೊಲಕ್ಕೆ ಕರೆದೊಯ್ದರು. ಒಂದು ಗಿಡ ಆಳೆತ್ತರ, ಪಕ್ಕದ್ದು ಸೊಂಟದೆತ್ತರ. ಒಂದರಲ್ಲಿ ತುಂಬಿದ ತೆನೆ, ಇನ್ನೊಂದರಲ್ಲಿ ಹಲ್ಲುಬಿದ್ದ ಬಾಯಿಯಂಥ ತೆನೆ. "ಹೋದ ವರ್ಷದ ದಪ್ಪ ತೆನೆಗಳನ್ನೇ ಆರಿಸಿ ಬೀಜಕ್ಕೆ ಇಟ್ಟೆ. ಗೊಬ್ಬರಕ್ಕೂ ಕಡಿಮೆ ಮಾಡಲಿಲ್ಲ. ತಪ್ಪೆಲ್ಲಾಯಿತು ಸ್ವಾಮಿ?" ಎಂದರು. ತಪ್ಪು ಅವರದಲ್ಲ. ಹಿಂದಿನ ವರ್ಷ ಕೊಂಡ ಬೀಜದ ಚೀಲದ ಮೇಲೆ 'ಎಫ್-೧ ಹೈಬ್ರಿಡ್' ಎಂದಿತ್ತು. ಅದರ ಅರ್ಥವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಬಿತ್ತುವ ಮೊದಲು ನಾನೂ ವಿಚಾರಿಸಿರಲಿಲ್ಲ.

ಜೀನ್: ತಾಯಿತಂದೆಯ ಗುಣಗಳನ್ನು ಸಂತತಿಗೆ ಸಾಗಿಸುವ ಅಂಶವೇ ಜೀನ್ ಅಥವಾ ವಂಶವಾಹಿ. ೧೯೦೯ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಯೋಹಾನ್ಸನ್ ಈ ಹೆಸರಿಟ್ಟರು. ಸಾಮಾನ್ಯವಾಗಿ ಜೀನ್ ಜೋಡಿಯಾಗಿರುತ್ತದೆ. ಒಂದು ತಾಯಿಯದು, ಒಂದು ತಂದೆಯದು.

ಪ್ರಬಲ ಗುಣ, ಸುಪ್ತ ಗುಣ: ಜೋಡಿಯ ಎರಡೂ ಬೇರೆಬೇರೆಯಾದಾಗ ಮೇಲೆ ಕಾಣುವುದು ಪ್ರಬಲ ಗುಣ, ಒಳಗೆ ಅಡಗುವುದು ಸುಪ್ತ ಗುಣ. ಇಂದಿನ ಚೆಕ್ ದೇಶದ ಮಠವೊಂದರಲ್ಲಿದ್ದ ಮೆಂಡೆಲ್ ಎಂಬ ಪಾದ್ರಿ ಬಟಾಣಿ ಬೆಳೆದು ಇದನ್ನು ಕಂಡುಕೊಂಡು, ೧೮೬೬ರಲ್ಲಿ ಪ್ರಕಟಿಸಿದರು. ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಬಂದ ಕಾಳೆಲ್ಲ ದುಂಡು. ಅವನ್ನು ಬಿತ್ತಿ ಬೆಳೆದಾಗ ೭,೩೨೪ ಕಾಳುಗಳಲ್ಲಿ ೫,೪೭೪ ದುಂಡು, ೧,೮೫೦ ಸುಕ್ಕು! ಅಡಗಿದ್ದ ಗುಣ ಮೊಮ್ಮಕ್ಕಳಲ್ಲಿ ತಲೆಯೆತ್ತಿತ್ತು.

ಎಫ್-೧, ಎಫ್-೨: ಎರಡು ಶುದ್ಧ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಎಫ್-೧. ಇದೇ ಹೈಬ್ರಿಡ್ ಬೀಜ. ಗಿಡಗಳೆಲ್ಲ ಒಂದೇ ಸಮ, ಕಸುವೂ ಹೆಚ್ಚು. ಆ ಬೆಳೆಯ ಕಾಳು ಎಫ್-೨. ಇದನ್ನು ಬಿತ್ತಿದರೆ ಬಟಾಣಿಯಲ್ಲಿ ಆದಂತೆ ಗುಣಗಳು ಚೆದುರುತ್ತವೆ, ಕಸುವು ಇಳಿಯುತ್ತದೆ. ದಪ್ಪ ತೆನೆ ಆರಿಸಿದರೂ ಫಲವಿಲ್ಲ. ಏಕೆಂದರೆ ಎಫ್-೧ ಹೊಲದ ಗಿಡಗಳಿಗೆಲ್ಲ ಇರುವುದು ಹೆಚ್ಚುಕಡಿಮೆ ಒಂದೇ ಬಗೆಯ ಜೀನುಗಳು. ತೆನೆ ದಪ್ಪವಾದದ್ದು ನೆಲ, ನೀರು, ಗೊಬ್ಬರದಿಂದ.

ಶುದ್ಧ ತಳಿ: ರಾಗಿ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಸಿ. ಎಚ್. ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟರು. ಅಲ್ಲಿಯೂ ಸಂಕರ ನಡೆದಿದೆ. ಆದರೆ ಅನಂತರ ಹಲವು ಪೀಳಿಗೆ ಬೆಳೆದು, ಆರಿಸಿ, ಗುಣಗಳು ನೆಲೆನಿಂತ ಮೇಲೆ ರೈತರ ಕೈಗೆ ಬಂದದ್ದರಿಂದ ಅದರ ಬೀಜವನ್ನು ಮನೆಯಲ್ಲೇ ಇಡಬಹುದು.

ನೆನಪಿಡಬೇಕಾದದ್ದು ಇಷ್ಟೆ: ರಾಗಿಯಂಥ ಶುದ್ಧ ತಳಿಯಲ್ಲಿ ಒಳ್ಳೆಯ ತೆನೆ ಆರಿಸಿ ಬೀಜ ಮಾಡಿಕೊಳ್ಳಿರಿ. ಹೈಬ್ರಿಡ್ ಆದರೆ ಪ್ರತಿವರ್ಷ ಹೊಸ ಬೀಜ ಕೊಳ್ಳಬೇಕು. ಆ ಖರ್ಚನ್ನು ಮೊದಲೇ ಲೆಕ್ಕ ಹಾಕಿರಿ. ಭತ್ತ, ಜೋಳ, ಟೊಮೆಟೊಗಳಲ್ಲಿ ಎರಡು ಬಗೆಯೂ ಉಂಟು. ಆದ್ದರಿಂದ ಚೀಟಿಯನ್ನು ಓದಿ, ಇಲ್ಲವೇ ಓದಿಸಿ ಕೇಳಿ, ಕೊಳ್ಳಿರಿ.

ಆ ಹಿರಿಯರು ಈಗ ಮೊಮ್ಮಗಳಿಂದ ಚೀಟಿ ಓದಿಸದೆ ಬೀಜಕ್ಕೆ ಹಣ ಕೊಡುವುದಿಲ್ಲ.