ಹಳೆಯ ಸ್ಪ್ಯಾನರುಗಳ ಮೇಲಿನ ಅಂಕೆಗಳನ್ನು ತಿಳಿಯುವ ಬಗೆ

ಶಿವಮೊಗ್ಗ ಭದ್ರಾವತಿಗಳಿಗೆ ಸಮೀಪದ ಸೋಗಾನೆಯ ಸುತ್ತಿನಲ್ಲಾಗಲಿ, ಬೇರೆ ಸೀಮೆಗಳಲ್ಲಾಗಲಿ, ನೀರೆತ್ತುವ ಹಳೆಯ ತೈಲ ಎಂಜಿನುಗಳನ್ನು ಉಳಿಸಿಕೊಂಡಿರುವ ಜಮೀನುದಾರರ ಮನೆಗಳಲ್ಲಿ ಅವುಗಳೊಡನೆ ಬಂದ ಸ್ಪ್ಯಾನರುಗಳೂ ಇರುವುದುಂಟು. ಇವುಗಳ ಮೇಲೆ ಕೊರೆದಿರುವ ಅಂಕೆಗೂ ಬಾಯಿಯ ಅಗಲಕ್ಕೂ ಹೊಂದಿಕೆ ಕಾಣದೆ, ಅನೇಕರು ಇವುಗಳನ್ನು ನಿರುಪಯೋಗಿಗಳೆಂದು ಗುಜರಿಗೆ ಹಾಕುವರು. ಬಳಿಕ ಎಂಜಿನಿಗೆ ಈಗಿನ ಮಿಲಿಮೀಟರ್ ಸ್ಪ್ಯಾನರನ್ನು ಹಚ್ಚಿದರೆ, ಅದು ಸಡಿಲವಾಗಿ ನಟ್ಟಿನ ಮೂಲೆಗಳು ಸವೆಯುವುವು. ಬೇಸಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬೇಕಾದಾಗ ಒಂದು ನಟ್ಟು ಬಿಚ್ಚಲಾರದೆ ಎಂಜಿನು ನಿಂತರೆ ಆಗುವ ನಷ್ಟವು ಅಲ್ಪವಲ್ಲ.

ಅಂಕೆಯ ಅರ್ಥ: ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲೀಷ್ ಯಂತ್ರಶಿಲ್ಪಿಯು 1841ರಲ್ಲಿ ಬೋಲ್ಟುಗಳ ಮರೆಗೆ ಒಂದು ಏಕರೀತಿಯ ಕ್ರಮವನ್ನು ಸೂಚಿಸಿದನು. ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದ 1923ರ ಕಾಲದಲ್ಲಿಯೂ ಬ್ರಿಟಿಷ್ ಯಂತ್ರಗಳಲ್ಲಿ ಈ ಕ್ರಮವೇ ರೂಢಿಯಲ್ಲಿದ್ದಿತು. ಇದರಂತೆ ಸ್ಪ್ಯಾನರಿನ ಅಂಕೆಯು ಬಾಯಿಯ ಅಗಲವನ್ನಲ್ಲ, ಬೋಲ್ಟಿನ ದಪ್ಪವನ್ನು ಸೂಚಿಸುವುದು. ಬಡಗಿಗಳು ನಾಲ್ಕು ನೂಲು ಎನ್ನುವ 1/2 ಅಂಗುಲದ ಅಂಕೆಯೊಡನೆ ‘ಡಬ್ಲ್ಯು’ ಅಕ್ಷರವಿದ್ದರೆ, ಬಾಯಿಯ ಅಗಲವು 0.920 ಅಂಗುಲವಿರುವುದು.

ವಿಟ್‌ವರ್ತ್ ಸ್ಪ್ಯಾನರುಗಳ ಬಾಯಿಯ ಅಳತೆಗಳು ಸುಮಾರಾಗಿ ಹೀಗಿವೆ:
1/4 — 0.525 ಅಂಗುಲ — 13.3 ಮಿಲಿಮೀಟರ್
5/16 — 0.600 ಅಂಗುಲ — 15.2 ಮಿಲಿಮೀಟರ್
3/8 — 0.710 ಅಂಗುಲ — 18.0 ಮಿಲಿಮೀಟರ್
7/16 — 0.820 ಅಂಗುಲ — 20.8 ಮಿಲಿಮೀಟರ್
1/2 — 0.920 ಅಂಗುಲ — 23.4 ಮಿಲಿಮೀಟರ್
5/8 — 1.100 ಅಂಗುಲ — 27.9 ಮಿಲಿಮೀಟರ್

ಒಂದೇ ಬಾಯಿಗೆ ಎರಡು ಅಂಕೆಗಳು: ‘1/2 ಡಬ್ಲ್ಯು’ ಎಂಬುದರ ಜೊತೆಗೆ ‘9/16 ಬಿ.ಎಸ್.’ ಎಂದೂ ಇದ್ದರೆ ಅದು ತಪ್ಪಲ್ಲ. ಎರಡನೆಯದು ಸಣ್ಣ ಮರೆಯ ಬ್ರಿಟಿಷ್ ಬೋಲ್ಟಿಗೆ ಸೇರಿದುದು. ಈ ಬಗೆಯ ಬೋಲ್ಟಿನ ತಲೆಯು ವಿಟ್‌ವರ್ತಿನದಕ್ಕಿಂತ ಒಂದು ಮೆಟ್ಟಿಲು ಕಿರಿದಾದುದರಿಂದ ಒಂದೇ ಬಾಯಿಯು ಎರಡಕ್ಕೂ ಒಪ್ಪುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹದ ಉಳಿತಾಯಕ್ಕಾಗಿ ವಿಟ್‌ವರ್ತ್ ಬೋಲ್ಟಿನ ತಲೆಯನ್ನೂ ಇದೇ ರೀತಿ ಕಿರಿದುಮಾಡಿದರು. ಆದಕಾರಣ ಆ ಬಳಿಕದ 1/2 ಅಂಗುಲದ ಬೋಲ್ಟಿಗೆ 7/16 ಅಂಕೆಯ ಸ್ಪ್ಯಾನರು ಸರಿಹೋಗುವುದು.

ಬೇರೆ ಗುರುತುಗಳು: ‘ಎ.ಎಫ್.’ ಎಂದಿದ್ದರೆ ಅಂಕೆಯೇ ಬಾಯಿಯ ಅಗಲ, 1/2 ಎ.ಎಫ್. ಎಂದರೆ ಬಾಯಿಯು ಸರಿಯಾಗಿ ಅರ್ಧ ಅಂಗುಲ. ‘ಬಿ.ಎ.’ ಎಂಬುದು ವಿದ್ಯುತ್ ಉಪಕರಣಗಳ ಸಣ್ಣ ತಿರುಪುಗಳಿಗೆ ಸೇರಿದುದು. ಇದರಲ್ಲಿ ಅಂಕೆಯು ಹೆಚ್ಚಿದಷ್ಟೂ ತಿರುಪು ಸಣ್ಣದಾಗುವುದು. ಅಕ್ಷರವಿಲ್ಲದೆ 13, 17, 19 ಮುಂತಾದ ಪೂರ್ಣಾಂಕಗಳಿದ್ದರೆ ಅವು ಸಾಮಾನ್ಯವಾಗಿ ಮಿಲಿಮೀಟರುಗಳು. ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ 1956ರ ಕಾಯಿದೆಯು ಆಧಾರವಾಯಿತು.

ಪರೀಕ್ಷಿಸುವ ಕ್ರಮ: ಮೊದಲು ಸ್ಪ್ಯಾನರನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ನೆನೆಯಿಟ್ಟು, ಗಟ್ಟಿ ಬ್ರಷ್ಷಿನಿಂದ ತುಕ್ಕನ್ನು ತೆಗೆಯತಕ್ಕದ್ದು. ಅರದಿಂದ ಉಜ್ಜಿದರೆ ಗುರುತು ಅಳಿಯುವುದು. ಬಳಿಕ ಬಾಯಿಯ ಅಗಲವನ್ನು ವರ್ನಿಯರ್ ಮಾಪಕದಿಂದ ಅಳೆದು ಮೇಲಿನ ಪಟ್ಟಿಯೊಡನೆ ಹೋಲಿಸಬೇಕು. ಬಾಯಿಯು ಸವೆದು ಹಿಗ್ಗಿದ್ದರೆ ಅಂಕೆಯನ್ನು ನಂಬಿ ಬಳಸಬಾರದು.

ಬೋಲ್ಟನ್ನು ಬದಲಾಯಿಸುವಾಗಲೂ ಎಚ್ಚರಿಕೆಯಿರಲಿ. ಅರ್ಧ ಅಂಗುಲದ ವಿಟ್‌ವರ್ತ್ ಬೋಲ್ಟಿನಲ್ಲಿ ಅಂಗುಲಕ್ಕೆ 12 ಮರೆಗಳೂ, ಅದೇ ದಪ್ಪದ ಅಮೆರಿಕದ ದಪ್ಪ ಮರೆಯ ಬೋಲ್ಟಿನಲ್ಲಿ 13 ಮರೆಗಳೂ ಇರುವುವು. ಒಂದಕ್ಕೆ ಇನ್ನೊಂದರ ನಟ್ಟನ್ನು ಹಾಕಿದರೆ ಕೆಲವು ಸುತ್ತು ಸಲೀಸಾಗಿ ಹೋಗಿ ಬಳಿಕ ಬಿಗಿಯುವುದು. ಅಲ್ಲಿಂದ ಮುಂದೆ ಬಲವಂತವಾಗಿ ತಿರುಗಿಸಿದರೆ ಮರೆಯು ಕೆಡುವುದು.

ಆದುದರಿಂದ ಗ್ರಾಮಪ್ರಮುಖರೂ ಜಮೀನುದಾರರೂ ಹಳೆಯ ಸ್ಪ್ಯಾನರುಗಳನ್ನು ಗುಜರಿಗೆ ಕೊಡುವ ಮುನ್ನ ಅಳೆಯಿಸಿ, ಯಾವುದು ಯಾವ ಎಂಜಿನಿಗೆ ಸೇರಿದುದೆಂದು ಚೀಟಿ ಕಟ್ಟಿ, ಎಣ್ಣೆ ಸವರಿ ಎಂಜಿನಿನ ಬಳಿಯಲ್ಲಿಯೇ ಇಡಿಸುವುದು ಲೇಸು.