ತಂತಿಯೋ, ಟವರೋ, ಉಪಗ್ರಹವೋ? ಹಳ್ಳಿಮನೆಗೆ ಇಂಟರ್‌ನೆಟ್ ಹಾಕಿಸುವ ಮುನ್ನ

‘ಸ್ಟಾರ್‌ಲಿಂಕ್ ಬರ್ತದಂತಲ್ಲ, ಅಲ್ಲಿವರೆಗೆ ಕಾಯೋದೋ, ಈಗಲೇ ಬೇರೆ ಏನಾದ್ರೂ ಹಾಕಿಸೋದೋ?’ ದಾಸನಕೊಪ್ಪದ ಬಸ್ ನಿಲ್ದಾಣದಿಂದ ಹಿಡಿದು ಯಲ್ಲಾಪುರದ ಸೊಸೈಟಿ ಕಟ್ಟೆಯವರೆಗೆ ಈಗ ಕೇಳಿಬರುವ ಪ್ರಶ್ನೆ ಇದು. ಚಿಕ್ಕ ಉತ್ತರ ಬೇಕಾದವರಿಗೆ ಮೊದಲೇ ಹೇಳಿಬಿಡುತ್ತೇನೆ: ಕಾಯಬೇಡಿ. ಫೈಬರ್ ತಂತಿ ನಿಮ್ಮ ಮನೆಗೆ ಎಷ್ಟು ಹತ್ತಿರ ಬಂದಿದೆ ಎಂದು ಮೊದಲು ವಿಚಾರಿಸಿ. ಅದು ಆಗದಿದ್ದರೆ ಟವರ್ ನೋಡಿ. ಸ್ಟಾರ್‌ಲಿಂಕ್‌ನಂಥ ಉಪಗ್ರಹ ಸೇವೆ ಕಡೆಯ ದಾರಿ. ಹಾಗೇಕೆ ಎನ್ನುವುದನ್ನು ಈಗ ನಿಧಾನವಾಗಿ ನೋಡೋಣ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಒಬ್ಬರ ಮನೆಗೆ ಹೊಂದಿದ್ದು ಇನ್ನೊಬ್ಬರ ಮನೆಗೆ ಹೊಂದುವುದಿಲ್ಲ. ದಾಸನಕೊಪ್ಪ, ಬನವಾಸಿ ಕಡೆ ಗದ್ದೆ ಬಯಲು ಹೆಚ್ಚು. ಮಾಡಿನ ಮೇಲೆ ನಿಂತರೆ ದೂರದ ಟವರ್ ಕಣ್ಣಿಗೆ ಬೀಳುವ ಮನೆಗಳು ಸಾಕಷ್ಟಿವೆ. ಅದೇ ಪಶ್ಚಿಮಕ್ಕೆ ದೇವನಳ್ಳಿ, ಮತ್ತಿಘಟ್ಟ, ಸಿದ್ದಾಪುರದ ನಿಲ್ಕುಂದ, ಯಲ್ಲಾಪುರದ ವಜ್ರಳ್ಳಿ ಕಡೆ ಹೋದರೆ ಮನೆ ಕೊಳ್ಳದಲ್ಲಿ, ತಲೆಯ ಮೇಲೆ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ. ಅಲ್ಲಿ ಟವರೂ ಕಾಣದು, ಆಕಾಶವೂ ಅರ್ಧವೇ ಕಾಣುವುದು.

ವೇಗ ಎಷ್ಟು ಬೇಕು? 2023ರ ಜನವರಿಯಿಂದ ನಮ್ಮ ದೇಶದಲ್ಲಿ ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್, ಅಂದರೆ 2 ಎಂಬಿಪಿಎಸ್ ಇದ್ದರೆ ಮಾತ್ರ ಅದು ಬ್ರಾಡ್‌ಬ್ಯಾಂಡ್. ಅದಕ್ಕೂ ಮೊದಲು 512 ಕೆಬಿಪಿಎಸ್ ಇದ್ದರೂ ಸಾಕಿತ್ತು! ಅಡಿಕೆ ಟೆಂಡರ್ ದರ ನೋಡಲು, ಪಹಣಿ ತೆಗೆಯಲು 2 ಎಂಬಿಪಿಎಸ್ ಸಾಕು. ಒಬ್ಬರು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದು, ಮಗು ಆನ್‌ಲೈನ್ ಪಾಠ ಕೇಳುತ್ತಿದ್ದು, ಅಜ್ಜ ಯಕ್ಷಗಾನದ ವಿಡಿಯೊ ನೋಡುತ್ತಿದ್ದರೆ 20ರಿಂದ 30 ಎಂಬಿಪಿಎಸ್ ಧಾರಾಳ. 300 ಎಂಬಿಪಿಎಸ್ ಪ್ಲಾನ್ ಮಾರಲು ಬಂದವರ ಮಾತಿಗೆ ಮರುಳಾಗಬೇಡಿ. ಹಳ್ಳಿಮನೆಗೆ ಬೇಕಾದದ್ದು ಮಳೆಗಾಲದಲ್ಲೂ ಕಡಿಯದ ಸಂಪರ್ಕ.

ಫೈಬರ್ ಎಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಹರಿಯುವುದು ಬೆಳಕು. ಎಕ್ಸ್‌ಚೇಂಜ್‌ನಲ್ಲೋ ಪಂಚಾಯತಿ ಕಚೇರಿಯಲ್ಲೋ ಓಎಲ್‌ಟಿ ಎಂಬ ದೊಡ್ಡ ಯಂತ್ರ ಇರುತ್ತದೆ. ಅಲ್ಲಿಂದ ಹೊರಟ ಎಳೆ ದಾರಿಯಲ್ಲಿ ಸ್ಪ್ಲಿಟರ್ ಎಂಬ ಚಿಕ್ಕ ಡಬ್ಬಿಯಲ್ಲಿ ಕವಲೊಡೆದು ನಿಮ್ಮ ಮನೆಯ ಓಎನ್‌ಟಿಗೆ ಬರುತ್ತದೆ. ಓಎನ್‌ಟಿ ಅಂದರೆ ಬೆಳಕನ್ನು ವೈಫೈ ಮಾಡಿ ಕೊಡುವ ಪೆಟ್ಟಿಗೆ. ಓಎಲ್‌ಟಿಯಿಂದ ಸುಮಾರು 20 ಕಿ.ಮೀ.ವರೆಗೂ ಇದು ಕೆಲಸ ಮಾಡುತ್ತದೆ. ಹಳೆಯ ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲಿ ದೂರ ಹೋದಷ್ಟೂ ವೇಗ ಕುಸಿಯುತ್ತಿತ್ತು, ಜಾಯಿಂಟಿಗೆ ನೀರು ಹೊಕ್ಕರೆ ಗೊರಗೊರ ಸದ್ದು. ಗಾಜಿಗೆ ಆ ಕಾಯಿಲೆ ಇಲ್ಲ.

ಪಂಚಾಯತಿಯವರೆಗೆ ಎಳೆ ಬಂದಿರುವುದು ಬಹುಮಟ್ಟಿಗೆ ಭಾರತ್‌ನೆಟ್ ಯೋಜನೆಯಿಂದ. 2011ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಇದಕ್ಕೆ 2023ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪಂಚಾಯತಿಯಿಂದ ಮನೆಯವರೆಗಿನ ಕೊನೆಯ ಎರಡು-ಮೂರು ಕಿಲೋಮೀಟರ್ ಮಾತ್ರ ಬೇರೆ ಕತೆ. ಅದನ್ನು ಹೆಚ್ಚಾಗಿ ಎಳೆಯುವವರು ಬಿಎಸ್‌ಎನ್‌ಎಲ್ ಜೊತೆ ಆದಾಯ ಹಂಚಿಕೊಳ್ಳುವ ಸ್ಥಳೀಯ ಪಾಲುದಾರರು. ಎಷ್ಟೋ ಕಡೆ ಮೊದಲಿನಿಂದ ಕೇಬಲ್ ಟಿವಿ ನಡೆಸುತ್ತಿದ್ದವರೇ ಇವರು. ನಿಮ್ಮ ಇಂಟರ್‌ನೆಟ್ ಎಷ್ಟು ಚೆನ್ನಾಗಿರುತ್ತದೆ ಎಂಬುದು ಕಂಪನಿಗಿಂತ ಹೆಚ್ಚಾಗಿ ಈ ಮನುಷ್ಯನ ಮೇಲೆ ನಿಂತಿದೆ. ಅರ್ಜಿ ಹಾಕುವ ಮೊದಲು ಆಚೀಚೆ ಮನೆಯವರನ್ನು ಒಂದೇ ಮಾತು ಕೇಳಿ: ಕಳೆದ ಜುಲೈಯಲ್ಲಿ ಮರ ಬಿದ್ದು ಲೈನ್ ಹರಿದಾಗ ಎಷ್ಟು ದಿನಕ್ಕೆ ಬಂದು ಜೋಡಿಸಿದ?

ಲೈನ್ ಹೋದಾಗ ಓಎನ್‌ಟಿಯ ಮುಖ ನೋಡಿ. ‘ಲಾಸ್’ ಎಂಬ ಕಡೆ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕು ಮನೆಗೇ ಬರುತ್ತಿಲ್ಲ ಎಂದರ್ಥ. ದಾರಿಯಲ್ಲಿ ಎಳೆ ತುಂಡಾಗಿರಬಹುದು, ಇಲ್ಲವೇ ಮಂಗ ಜೋತುಬಿದ್ದು ಎಲ್ಲೋ ಮಡಚಿರಬಹುದು. ಸ್ಪ್ರಿಂಕ್ಲರ್ ಪೈಪ್ ಮಡಚಿದರೆ ನೀರು ನಿಂತ ಹಾಗೆ, ಎಳೆ ಗಟ್ಟಿಯಾಗಿ ಮಡಚಿದರೆ ಬೆಳಕೂ ನಿಲ್ಲುತ್ತದೆ. ಕೆಂಪು ದೀಪ ಇಲ್ಲದೆಯೂ ನೆಟ್ ಬಾರದಿದ್ದರೆ ತೊಂದರೆ ಬೇರೆ ಕಡೆ. ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಾಕಿ ನೋಡಿ. ಫೋನ್ ಮಾಡುವಾಗ ದೀಪದ ಬಣ್ಣ ಹೇಳಿದರೆ ರಿಪೇರಿಯವರಿಗೆ ಅರ್ಧ ಕೆಲಸ ಕಡಿಮೆ.

ಖರ್ಚು? ಸಾದಾ ಪ್ಲಾನ್‌ಗಳು ತಿಂಗಳಿಗೆ 400ರಿಂದ 600 ರೂಪಾಯಿ ಆಸುಪಾಸು. ಮೇಲೆ ಶೇ. 18 ಜಿಎಸ್‌ಟಿ. 500ರ ಪ್ಲಾನ್ ಎಂದರೆ ಕೈಯಿಂದ ಹೋಗುವುದು 590. ಒಂಟಿ ಮನೆಗೆ ದೂರದಿಂದ ಎಳೆಯಬೇಕಾದರೆ ಕೇಬಲ್ ದುಡ್ಡು ಬೇರೆ ಕೇಳುತ್ತಾರೆ. ನಾಲ್ಕಾರು ಮನೆಯವರು ಒಟ್ಟಾಗಿ ಮಾತಾಡಿದರೆ ಈ ಖರ್ಚು ಹಂಚಿಹೋಗುತ್ತದೆ.

ಕರೆಂಟು ಹೋದಾಗ ಏನು ಮಾಡೋದು ಎಂದು ಕೇಳುತ್ತೀರಿ. ಹೆಸ್ಕಾಂ ಕರೆಂಟು ಹೋದರೂ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಲೇ ಇರುತ್ತದೆ, ಆ ತುದಿಯಲ್ಲಿ ಬ್ಯಾಟರಿ ಇದ್ದರೆ. ಈ ತುದಿಯ ಓಎನ್‌ಟಿಗೆ ಬೇಕಾದದ್ದು ಸುಮಾರು 10 ವ್ಯಾಟ್. ಮನೆಯ ಇನ್ವರ್ಟರಿಗೆ ಅದು ಲೆಕ್ಕವೇ ಅಲ್ಲ. ಇನ್ವರ್ಟರ್ ಇಲ್ಲದವರು 12 ವೋಲ್ಟ್‌ನ ಪುಟ್ಟ ರೌಟರ್ ಯುಪಿಎಸ್ ಕೊಂಡರೆ ಮೂರ್ನಾಲ್ಕು ಗಂಟೆ ಸಾಗುತ್ತದೆ. ಸಿಡಿಲಿನ ಹೊತ್ತಿನಲ್ಲಿ ಮಾತ್ರ ಪ್ಲಗ್ ಕೀಳಲೇಬೇಕು. ಗಾಜಿನಲ್ಲಿ ಮಿಂಚು ಹರಿಯದು, ಆದರೆ ಕರೆಂಟಿನ ತಂತಿಯಲ್ಲಿ ಬಂದು ಪೆಟ್ಟಿಗೆ ಸುಡುತ್ತದೆ. ಕೇಬಲ್ಲಿನ ಜೊತೆ ಆಧಾರಕ್ಕೆ ಉಕ್ಕಿನ ಸರಿಗೆ ಇದ್ದರೆ ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ.

ಫೈಬರ್ ಸಿಗದವರಿಗೆ ಟವರ್. ಇಲ್ಲಿ ನಿಮ್ಮ ಫೋನೇ ಅಳತೆಗೋಲು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಮೈನಸ್ ಅಂಕಿಯಲ್ಲಿ ಕಾಣುತ್ತದೆ. ಮೈನಸ್ 85 ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 110ಕ್ಕೆ ಇಳಿದರೆ ಕಷ್ಟ. ಅಂಗಳ, ಅಟ್ಟ, ತೋಟದ ಮೇಲಿನ ದಿಬ್ಬ, ಎಲ್ಲ ಕಡೆ ಬೇರೆ ಬೇರೆ ಸಿಮ್ ಹಾಕಿ ನೋಡಿ. 2021ರ ಜೂನ್‌ನಲ್ಲಿ ಸುಳ್ಯದ ಗುತ್ತಿಗಾರು ಕಡೆ ಮಳೆಯಲ್ಲಿ ರಸ್ತೆ ಬದಿ ಮಗಳು ಪಾಠ ಕೇಳುತ್ತಿರುವಾಗ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಓಡಾಡಿತು. ಸಿಗ್ನಲ್ ಸಿಗುವ ಅಂಥ ಒಂದು ಜಾಗ ನಿಮ್ಮ ಜಮೀನಿನಲ್ಲೇ ಇದ್ದರೆ ಅಲ್ಲಿ ಕಂಬ ನೆಟ್ಟು, ಹೊರ ಆಂಟೆನಾ ಜೋಡಿಸುವ ಸೌಲಭ್ಯವಿರುವ 4ಜಿ ರೌಟರ್ ಇಟ್ಟು, ಮನೆಗೆ ಲ್ಯಾನ್ ಕೇಬಲ್ ಎಳೆಯಬಹುದು. ಆ ಕೇಬಲ್ 100 ಮೀಟರ್ ಮೀರಬಾರದು.

ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ 2025ರ ಸೆಪ್ಟೆಂಬರ್ 27ರಂದು ಅಧಿಕೃತವಾಗಿ ಉದ್ಘಾಟನೆಯಾಯಿತು. ಸಂಪರ್ಕವೇ ಇಲ್ಲದ ಊರುಗಳಿಗೆ 4ಜಿ ಕೊಡುವ ಇನ್ನೊಂದು ಯೋಜನೆ 2022ರಿಂದ ನಡೆದಿದೆ. ಹಾಗಾಗಿ ವರ್ಷದ ಹಿಂದೆ ನೋಡಿ ಕೈಬಿಟ್ಟವರು ಮತ್ತೊಮ್ಮೆ ನೋಡುವುದು ಒಳ್ಳೆಯದು. 700 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ಕಾಡಿನೊಳಗೆ ಹೆಚ್ಚು ದೂರ ನುಗ್ಗುತ್ತವೆ, ಮೇಲಿನವು ಎಲೆಗೇ ಸೋಲುತ್ತವೆ.

ಆನ್‌ಲೈನಿನಲ್ಲಿ ಮಾರುವ ‘ಸಿಗ್ನಲ್ ಬೂಸ್ಟರ್’ ಕೊಳ್ಳಬೇಡಿ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ, ಸುತ್ತಲಿನವರ ಸಿಗ್ನಲ್ಲೂ ಕೆಡುತ್ತದೆ. ರೌಟರಿಗೆ ಹೊರ ಆಂಟೆನಾ ಹಾಕುವುದು ಬೇರೆ, ಅದಕ್ಕೆ ಅಡ್ಡಿಯಿಲ್ಲ.

ಏರ್‌ಫೈಬರ್ ಎಂಬ ಹೆಸರು ಕೇಳಿ ಗೊಂದಲವಾಗುವುದು ಸಹಜ. ಅದರಲ್ಲಿ ಮನೆಗೆ ಫೈಬರ್ ಬರುವುದಿಲ್ಲ. ಜಿಯೊ, ಏರ್‌ಟೆಲ್‌ಗಳದ್ದು ಮುಖ್ಯವಾಗಿ 5ಜಿ ಟವರಿನಿಂದ ಮಾಡಿನ ಮೇಲಿನ ಪೆಟ್ಟಿಗೆಗೆ ಬರುವ ಸಂಪರ್ಕ. ಎರಡೂ 2023ರಲ್ಲಿ ಶುರುವಾದವು. ಜಿಯೊದ ಆರಂಭದ ಪ್ಲಾನ್ 599 ರೂಪಾಯಿ, ಜಿಎಸ್‌ಟಿ ಸೇರಿ ಸುಮಾರು 707, ವೇಗ 30 ಎಂಬಿಪಿಎಸ್. ದರ ಬದಲಾಗುತ್ತಿರುತ್ತದೆ, ಕೇಳಿಕೊಳ್ಳಿ. ಬಿಎಸ್‌ಎನ್‌ಎಲ್‌ನ ಏರ್‌ಫೈಬರ್ ಬೇರೆ ಬಗೆ: ಪಾಲುದಾರರ ಕಂಬದ ರೇಡಿಯೊದಿಂದ ನಿಮ್ಮ ಮಾಡಿನ ರೇಡಿಯೊಗೆ ನೇರ ನೋಟ ಬೇಕು. ಬಯಲು ಸೀಮೆಯ ದಾಸನಕೊಪ್ಪಕ್ಕೆ ಹೊಂದಬಹುದು. ನಡುವೆ ಒಂದು ತೋಪು ಅಡ್ಡ ಬಂದರೂ ಕೆಲಸ ಕೆಟ್ಟಿತು.

ಈಗ ಉಪಗ್ರಹ. ‘ಮಾಡಿನ ಮೇಲೆ ಡಿಟಿಎಚ್ ಬುಟ್ಟಿ ಇದೆಯಲ್ಲ, ಅದರಲ್ಲೇ ನೆಟ್ ಬರೋದಿಲ್ಲವೇ?’ ಬರುವುದಿಲ್ಲ. ಅದು ಬಂದದ್ದನ್ನು ಹಿಡಿಯುತ್ತದೆ, ತಿರುಗಿ ಏನನ್ನೂ ಕಳಿಸಲಾರದು. ಇಂಟರ್‌ನೆಟ್ಟಿಗೆ ಎರಡೂ ಬೇಕು.

ಉಪಗ್ರಹಗಳಲ್ಲಿ ಎರಡು ಬಗೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿ ನೆಲಕ್ಕೆ ಸ್ಥಿರವಾಗಿ ಕಾಣುವಂಥವು ಒಂದು. ಇಸ್ರೋದ ಜಿಸ್ಯಾಟ್-11, ಜಿಸ್ಯಾಟ್-29 ಬಳಸಿ ಹ್ಯೂಸ್ ಕಂಪನಿ 2022ರಿಂದ ಇಂಥ ಸೇವೆ ಕೊಡುತ್ತಿದೆ. ಬ್ಯಾಂಕ್, ಸರಕಾರಿ ಕಚೇರಿಗಳಿಗೆ ಇದು ಹೊಂದುತ್ತದೆ. ಆದರೆ ಮಾತು ಮೇಲೆ ಹೋಗಿ, ಕೆಳಗಿಳಿದು, ಉತ್ತರ ಮತ್ತೆ ಅದೇ ದಾರಿಯಲ್ಲಿ ಬರಲು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ವಿಡಿಯೊ ಕರೆಯಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿ ಇಬ್ಬರೂ ಒಟ್ಟಿಗೇ ನಿಲ್ಲಿಸುವ ಪಾಡು. ಸ್ಟಾರ್‌ಲಿಂಕ್ ಎರಡನೇ ಬಗೆ. ಸುಮಾರು 550 ಕಿ.ಮೀ. ಎತ್ತರದಲ್ಲಿ ಸಾವಿರಾರು ಚಿಕ್ಕ ಉಪಗ್ರಹಗಳು ಓಡುತ್ತಿರುತ್ತವೆ, ಒಂದು ಮರೆಯಾಗುವಷ್ಟರಲ್ಲಿ ಬುಟ್ಟಿ ಇನ್ನೊಂದನ್ನು ಹಿಡಿಯುತ್ತದೆ. ತಡ ಬಹಳ ಕಡಿಮೆ.

ಓಡುವ ಉಪಗ್ರಹ ಹಿಡಿಯಲು ತಲೆಯ ಮೇಲಿನ ಆಕಾಶ ಅಗಲವಾಗಿ ತೆರೆದಿರಬೇಕು. ನಮ್ಮ ಕೊಳ್ಳದ ಮನೆಗಳಿಗೆ ಇದೇ ದೊಡ್ಡ ತೊಡಕು. ಒಂದು ಅಡಿಕೆ ಮರದ ಸೋಗೆ ಅಡ್ಡ ಬಂದರೂ ಸಂಪರ್ಕ ಆಗಾಗ ತುಂಡಾಗುತ್ತದೆ. ಸ್ಟಾರ್‌ಲಿಂಕ್ ಆ್ಯಪ್‌ನಲ್ಲಿ ಫೋನಿನ ಕ್ಯಾಮೆರಾ ಆಕಾಶಕ್ಕೆ ಹಿಡಿದು ಅಡ್ಡಿ ಎಷ್ಟಿದೆ ಎಂದು ನೋಡುವ ವ್ಯವಸ್ಥೆ ಇದೆ. ಜೋರು ಮಳೆಗೆ ಡಿಟಿಎಚ್ ‘ನೋ ಸಿಗ್ನಲ್’ ಎನ್ನುವುದನ್ನು ನೋಡಿದ್ದೀರಲ್ಲ, ಇದಕ್ಕೂ ಹೆಚ್ಚುಕಡಿಮೆ ಅದೇ ತರಂಗಗಳು. ಆಷಾಢದ ಮಳೆಯಲ್ಲಿ ಅಷ್ಟಿಷ್ಟು ಹೊತ್ತು ಹೋಗುವುದೇ.

ಕರೆಂಟಿನ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಸಾಮಾನ್ಯ ಸ್ಟಾರ್‌ಲಿಂಕ್ ಬುಟ್ಟಿಗೆ 75 ವ್ಯಾಟ್ ಎಂದಿಟ್ಟುಕೊಂಡರೆ ದಿನಕ್ಕೆ 1.8 ಯೂನಿಟ್, ತಿಂಗಳಿಗೆ 54. ಫೈಬರ್ ಪೆಟ್ಟಿಗೆಗೆ ತಿಂಗಳಿಗೆ 7 ಯೂನಿಟ್ ಸಾಕು. ಗೃಹಜ್ಯೋತಿ ಯೋಜನೆಯಲ್ಲಿ ನಿಮಗೆ ಸಿಕ್ಕ ಉಚಿತ ಕರೆಂಟಿನ ಪ್ರಮಾಣ ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರಂತೂ ಪೂರ್ತಿ ಬಿಲ್ ನಿಮ್ಮದೇ.

ಸ್ಟಾರ್‌ಲಿಂಕ್‌ಗೆ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಆ ವರ್ಷ ಮುಗಿದರೂ ಜನರಿಗೆ ಸೇವೆ ಶುರುವಾಗಿರಲಿಲ್ಲ. ಡಿಸೆಂಬರ್‌ನಲ್ಲಿ ಜಾಲತಾಣದಲ್ಲಿ ತಿಂಗಳಿಗೆ 8,600, ಉಪಕರಣಕ್ಕೆ 34,000 ರೂಪಾಯಿ ಎಂದು ಕಾಣಿಸಿದಾಗ, ಅದು ನಿಜವಾದ ದರ ಅಲ್ಲ ಎಂದು ಕಂಪನಿಯೇ ಹೇಳಿತು. ಹಿಂದೆ 2021ರಲ್ಲಿ ಪರವಾನಗಿ ಇಲ್ಲದೆ ಮುಂಗಡ ಪಡೆದಿದ್ದನ್ನು ಸರಕಾರ ತಡೆದು, ಹಣ ವಾಪಸ್ ಆಗಿತ್ತು. ಆದ್ದರಿಂದ ‘ಬುಕಿಂಗ್ ಮಾಡಿಕೊಡ್ತೇವೆ’ ಎಂದು ಬರುವ ಏಜೆಂಟರಿಗೆ ಒಂದು ಪೈಸೆ ಕೊಡಬೇಡಿ. ವಿದೇಶದಿಂದ ಬುಟ್ಟಿ ತರಿಸಿ ಇಲ್ಲಿ ಹಚ್ಚುವುದೂ ಅಪರಾಧ. ಫೈಬರ್ ಬರಲಾರದ, ಟವರ್ ಕಾಣದ, ಆದರೆ ಮಾಡಿನ ಮೇಲೆ ಬಯಲು ಆಕಾಶ ಇರುವ ಒಂಟಿ ಮನೆಗಳಿಗೆ ಮುಂದೆ ಇದು ದೊಡ್ಡ ಅನುಕೂಲ ಆಗಬಹುದು. ಉಳಿದವರಿಗೆ ದುಬಾರಿ ಶೋಕಿ.

ಎಲ್ಲಿ ವಿಚಾರಿಸುವುದು? ಕೇಂದ್ರ ಸರಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ನಿಮ್ಮ ಪಿನ್‌ಕೋಡ್ ಹಾಕಿದರೆ ಆ ಊರಿಗೆ ತಂತಿ ಮೂಲಕ ಇಂಟರ್‌ನೆಟ್ ಕೊಡುವವರ ಪಟ್ಟಿ ಬರುತ್ತದೆ. ತರಂಗ ಸಂಚಾರ್ ಎಂಬ ಇನ್ನೊಂದು ತಾಣದಲ್ಲಿ ಸುತ್ತಲಿನ ಟವರ್‌ಗಳು ಕಾಣುತ್ತವೆ. ಬಿಎಸ್‌ಎನ್‌ಎಲ್ ಫೈಬರ್ ಬೇಕಾದರೆ 1800-4444ಕ್ಕೆ ವಾಟ್ಸಾಪ್‌ನಲ್ಲಿ ‘ಹಾಯ್’ ಎಂದು ಕಳಿಸಬಹುದು, ಇಲ್ಲವೇ ಶಿರಸಿ ಕಚೇರಿಗೆ ಹೋಗಿ ನಿಮ್ಮ ಊರಿನ ಪಾಲುದಾರ ಯಾರೆಂದು ಕೇಳಿ. ಊರಿನ ಅಂಗಡಿಗೋ ಸೊಸೈಟಿಗೋ ಒಂದೇ ಸಂಪರ್ಕ ತಂದು ಎಲ್ಲರಿಗೂ ಕಡಿಮೆ ದರದಲ್ಲಿ ವೈಫೈ ಕೊಡಲು 2020ರ ಪಿಎಂ-ವಾಣಿ ಯೋಜನೆಯಲ್ಲಿ ಅವಕಾಶ ಇದೆ, ಅಂಗಡಿಯವರಿಗೆ ಪ್ರತ್ಯೇಕ ಪರವಾನಗಿ ಬೇಡ.

ಅರ್ಜಿಯನ್ನು ಕೇರಿಯ ಮನೆಗಳೆಲ್ಲ ಸೇರಿ ಒಟ್ಟಿಗೆ ಕೊಡಿ, ಒಂದು ಪ್ರತಿ ಪಂಚಾಯತಿಗೂ ಕೊಡಿ. ಕೇಬಲ್ ಎಳೆಯುವ ಕೆಲಸ ಮೇ ತಿಂಗಳೊಳಗೆ ಮುಗಿಯುವಂತೆ ನೋಡಿಕೊಳ್ಳಿ. ಮಳೆ ಹಿಡಿದ ಮೇಲೆ ಕಂಬ ಹತ್ತಲು ಯಾರೂ ಸಿಗುವುದಿಲ್ಲ.