ಗ್ರಂಥಾಲಯದಲ್ಲಿ ಕಣ್ಣಿಲ್ಲದವರ ಪಾಲು

ಮನೆ ತೆರಿಗೆ ಕಟ್ಟಿದ ರಶೀದಿಯನ್ನು ನೀವು ಎಂದಾದರೂ ಕೊನೆಯ ಸಾಲಿನವರೆಗೆ ಓದಿದ್ದೀರಾ? ಆರೋಗ್ಯ ಕರ, ಭಿಕ್ಷುಕರ ಕರ ಇವುಗಳ ನಡುವೆ ಗ್ರಂಥಾಲಯ ಕರ ಎಂಬ ಒಂದು ಸಾಲು ಅದರಲ್ಲಿರುತ್ತದೆ. ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. ಮನೆಯಲ್ಲಿ ಓದುವವರು ಇರಲಿ ಇಲ್ಲದಿರಲಿ, ಈ ಹಣ ಕೊಡಲೇಬೇಕು. ಜನರು ಕೊಟ್ಟ ಈ ಹಣದಿಂದಲೇ ಊರಿನ ಸಾರ್ವಜನಿಕ ಗ್ರಂಥಾಲಯ ನಡೆಯಬೇಕೆಂಬುದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ವ್ಯವಸ್ಥೆ. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇತ್ತು.

ಸ್ವತಂತ್ರ ಭಾರತದಲ್ಲಿ ಇಂತಹ ಕಾಯ್ದೆಯನ್ನು ಮೊದಲು ತಂದದ್ದು ಮದ್ರಾಸ್ ಪ್ರಾಂತ, 1948ರಲ್ಲಿ. ಅದರ ಹಿಂದೆ ಇದ್ದವರು ಡಾ. ಎಸ್.ಆರ್. ರಂಗನಾಥನ್. ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಗ್ರಂಥಾಲಯದ ಬಾಗಿಲಿಗೆ ಬಂದ ಯಾವ ಓದುಗನೂ ಬರಿಗೈಯಲ್ಲಿ ಹಿಂದಿರುಗಬಾರದು ಎಂಬುದು 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳ ಪೈಕಿ ಒಂದರ ಆಶಯ.

ಆದರೆ ಆ ಬಾಗಿಲಿಗೆ ಬಂದವರು ದೃಷ್ಟಿಹೀನರಾಗಿದ್ದರೆ? 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಅವರ ಮನೆಯವರೂ ಆ ಆರು ಪೈಸೆಯನ್ನು ಕೊಡುತ್ತಾರೆ. 1965ರ ಕಾಯ್ದೆಯಲ್ಲಿ ಅವರಿಗಾಗಿ ಪ್ರತ್ಯೇಕ ಅಧ್ಯಾಯವಿಲ್ಲ. ಬರೆದವರ ಮನಸ್ಸಿನಲ್ಲಿ ದ್ವೇಷವೇನೂ ಇರಲಿಲ್ಲ, ನೆನಪೇ ಇರಲಿಲ್ಲ ಅಷ್ಟೆ. ಮರೆತುಬಿಡುವುದು ಕೆಲವೊಮ್ಮೆ ನಿರಾಕರಿಸುವುದಕ್ಕಿಂತಲೂ ಹೆಚ್ಚು ನೋವು ಕೊಡುತ್ತದೆ.

ಕಣ್ಣಿಲ್ಲದವರಿಗೆ ಪುಸ್ತಕದ ಗೊಡವೆ ಏಕೆ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಅಂಥವರಿಗೆ ಬಗ್ದಾದಿನ ಝೈನುದ್ದೀನ್ ಆಮಿದಿಯವರ ಕಥೆ ಹೇಳಬೇಕು. ಸುಮಾರು ಏಳು ನೂರು ವರ್ಷಗಳ ಹಿಂದಿನ ಈ ಹಂಬಲಿ ವಿದ್ವಾಂಸರು ಅಂಧರಾಗಿದ್ದರು, ಪುಸ್ತಕ ವ್ಯಾಪಾರಿಯೂ ಆಗಿದ್ದರು. ಪುಸ್ತಕ ಕೊಂಡಾಗ ತೆಳು ಕಾಗದವನ್ನು ಹೊಸೆದು ಅಕ್ಷರದ ಆಕಾರ ಮಾಡಿ ರಟ್ಟಿನ ಒಳಬದಿಗೆ ಅಂಟಿಸುತ್ತಿದ್ದರಂತೆ. ಅಬ್ಜದ್ ಲೆಕ್ಕದಲ್ಲಿ ಆ ಅಕ್ಷರವೇ ಪುಸ್ತಕದ ಬೆಲೆ. ಬೆಲೆ ಮರೆತರೆ ಬೆರಳಿನಿಂದ ಸವರಿ ತಿಳಿದುಕೊಳ್ಳುತ್ತಿದ್ದರು. ಹೆಸರಾಂತ ಅಂಧರ ಚರಿತ್ರೆಗಾಗಿಯೇ ಒಂದು ಗ್ರಂಥ ಬರೆದ ಅಸ್ಸಫದಿ ಇದನ್ನು ದಾಖಲಿಸಿದ್ದಾರೆ. ಫ್ರಾನ್ಸಿನ ಲೂಯಿ ಬ್ರೈಲ್ ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿದ್ದು ಇದಾದ ಐದು ಶತಮಾನಗಳ ನಂತರ.

ಭಾರತದ ಭಾಷೆಗಳಿಗೆ ಏಕರೂಪದ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಕನ್ನಡದ ಕ, ಮಲಯಾಳಂನ ಕ, ಹಿಂದಿಯ ಕ ಎಲ್ಲವೂ ಒಂದೇ ಚುಕ್ಕಿಗಳು. ಅರಬಿ ಬ್ರೈಲನ್ನು ಎಡದಿಂದ ಬಲಕ್ಕೆ ಓದುತ್ತಾರೆ ಎಂದು ತಿಳಿದಾಗ ನನಗೆ ಸೋಜಿಗವಾಗಿತ್ತು. ನಮ್ಮ ಮದ್ರಸಗಳಲ್ಲಿ ಅಂಧ ಮಕ್ಕಳು ಉಸ್ತಾದರ ಬಾಯಿಂದ ಕೇಳಿ ಕೇಳಿಯೇ ಕುರ್‌ಆನ್ ಕಂಠಪಾಠ ಮಾಡುವ ಪರಂಪರೆಯಿದೆ. ಅದು ದೊಡ್ಡ ಅನುಗ್ರಹವೇ ಸರಿ. ಆದರೆ ಕೇಳಿ ಕಲಿತವನಿಗೆ ಸಂಶಯ ಬಂದಾಗ ಯಾರನ್ನೂ ಕಾಯದೆ ತಾನೇ ಪುಟ ತೆರೆದು ನೋಡುವ ಸ್ವಾತಂತ್ರ್ಯ ಬೇಡವೇ?

ಬ್ರೈಲ್‌ನ ತೊಡಕು ಅದರ ಗಾತ್ರ. ಕೈಯಲ್ಲಿ ಹಿಡಿಯುವ ಒಂದು ಸಾಧಾರಣ ಪುಸ್ತಕ ಬ್ರೈಲ್‌ಗೆ ಬಂದಾಗ ಹಲವು ದಪ್ಪ ಸಂಪುಟಗಳಾಗಿಬಿಡುತ್ತದೆ. ಹಳ್ಳಿಯ ಒಂದು ಕೋಣೆಯ ಗ್ರಂಥಾಲಯದಲ್ಲಿ ಇಡುವುದೆಲ್ಲಿ? ಆದ್ದರಿಂದ ಇಂದು ಧ್ವನಿ ಪುಸ್ತಕಗಳಿಗೂ ಕಂಪ್ಯೂಟರ್ ಓದಿ ಹೇಳುವ ಪುಸ್ತಕಗಳಿಗೂ ಬೇಡಿಕೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಇಲ್ಲಿಯೂ ಒಂದು ತಕರಾರು ಇದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಕನ್ನಡ ಪುಸ್ತಕದ ಕಡತ ಕಣ್ಣಿಗೆ ಕನ್ನಡದಂತೆಯೇ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪ್ರಕಾಶಕರು ಮನಸ್ಸು ಮಾಡಿದರೆ ಇದು ಖರ್ಚಿಲ್ಲದೆ ಬಗೆಹರಿಯುವ ಸಮಸ್ಯೆ. ನಮ್ಮ ಸಮುದಾಯದ ಪ್ರಕಾಶನಗಳೂ ಇದನ್ನು ಗಮನಿಸಬೇಕು.

ಗ್ರಂಥಾಲಯ ಕಾಯ್ದೆ ಮರೆತದ್ದನ್ನು ಬೇರೆ ಕಾನೂನುಗಳು ಸ್ವಲ್ಪ ಮಟ್ಟಿಗೆ ತುಂಬಿಕೊಟ್ಟಿವೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿ ಅವುಗಳಲ್ಲಿ ಮುಖ್ಯವಾದದ್ದು. ಅಂಗವಿಕಲರ ಸ್ವಂತ ಓದಿಗಾಗಿ, ಶಿಕ್ಷಣ ಅಥವಾ ಸಂಶೋಧನೆಗಾಗಿ ಯಾವುದೇ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರುವುದು ಈಗ ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ. ಅಂದರೆ ತಾಯಿಯೊಬ್ಬಳು ಮಗಳ ಪಠ್ಯಪುಸ್ತಕವನ್ನು ಓದಿ ಮೊಬೈಲ್‌ನಲ್ಲಿ ಮುದ್ರಿಸಿಕೊಟ್ಟರೆ ಲೇಖಕರ ಅನುಮತಿ ಪತ್ರಕ್ಕಾಗಿ ಅಲೆಯಬೇಕಾಗಿಲ್ಲ. 2013ರಲ್ಲಿ ಮೊರಾಕೊದ ಮರಾಕೇಶ್ ನಗರದಲ್ಲಿ ಇದೇ ವಿಷಯಕ್ಕೆ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ಭಾರತ. ಇಪ್ಪತ್ತು ದೇಶಗಳು ಸೇರಿದ ಬಳಿಕ 2016ರ ಸೆಪ್ಟೆಂಬರ್ 30ರಂದು ಅದು ಜಾರಿಗೆ ಬಂತು. ಆ ಇಪ್ಪತ್ತರಲ್ಲಿ ನಮ್ಮವರು ದುಡಿಯುವ ಯುಎಇಯೂ ಒಂದು. ಒಪ್ಪಂದಕ್ಕೆ ಸೇರಿದ ಒಂದು ದೇಶದಲ್ಲಿ ಸಿದ್ಧವಾದ ಬ್ರೈಲ್ ಅಥವಾ ಧ್ವನಿ ಪುಸ್ತಕವನ್ನು ಇನ್ನೊಂದು ದೇಶದ ಅಂಧರಿಗೆ ಕಳುಹಿಸಲು ಈಗ ದಾರಿಯಿದೆ.

2016ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವನ್ನು ಆರಂಭಿಸಿತು. ಮುದ್ರಿತ ಪುಸ್ತಕ ಓದಲಾಗದವರು ಅದರ ಸದಸ್ಯರಾಗಬಹುದು. 2017ರ ಏಪ್ರಿಲ್‌ನಲ್ಲಿ ಜಾರಿಯಾದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಂತೆ ಸಾರ್ವಜನಿಕರು ಬಳಸುವ ಕಟ್ಟಡಗಳೆಲ್ಲವೂ ಅವರಿಗೆ ಸುಗಮವಾಗಿರಬೇಕು. ಗ್ರಂಥಾಲಯ ಇದಕ್ಕೆ ಹೊರತಲ್ಲ. ಧಾರ್ಮಿಕ ಕಟ್ಟಡಗಳೂ ಹೊರತಲ್ಲ ಎಂಬುದನ್ನು ಮಸೀದಿ ಕಮಿಟಿಯವರು ಗಮನಿಸಲಿ. ಅನ್ಯಾಯವಾದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು.

ಹಕ್ಕು ಕಾಗದದಲ್ಲಿದ್ದರೆ ಸಾಲದು, ಕೇಳುವವರು ಬೇಕು. ಅಂಧ ಹುಡುಗನನ್ನಾದರೂ ಯಾರೋ ಕೈಹಿಡಿದು ಪೇಟೆಗೆ ಕರೆದೊಯ್ಯುತ್ತಾರೆ. ಹುಡುಗಿಯನ್ನು ಮನೆಯ ಮೂಲೆಯಲ್ಲಿ ಕೂರಿಸಿ, ಪಾಪ, ಅವಳಿಗೇನು ಗೊತ್ತಾಗುತ್ತದೆ ಎನ್ನುತ್ತೇವೆ. ಗ್ರಾಮ ಪಂಚಾಯತ್ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿ ಅನೇಕರ ಮನೆಯ ಹತ್ತಿರವೇ ಇದೆ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಸದಸ್ಯೆಯನ್ನಾಗಿ ಮಾಡಿಸಿ, ಇವಳು ಓದುವಂಥದ್ದು ಇಲ್ಲಿ ಏನಿದೆ ಎಂದು ಕೇಳಿ. ಇಲ್ಲವೆಂದರೆ ಒಂದು ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿಯೂ ಎದ್ದು ನಿಂತು ಕೇಳಿ. ಬ್ರೈಲ್ ಪುಸ್ತಕವನ್ನು ಅಂಚೆಯಲ್ಲಿ ತರಿಸುವುದು ದುಬಾರಿಯಾದೀತು ಎಂಬ ಅಂಜಿಕೆ ಬೇಡ. ಅಂಧರ ಸಾಹಿತ್ಯಕ್ಕೆ ಸಾಮಾನ್ಯ ಅಂಚೆ ಶುಲ್ಕದಿಂದ ವಿನಾಯಿತಿ ಇದೆ.

ಮನೆಯಲ್ಲಿಯೇ ಓದಿ ಮುದ್ರಿಸುವ ಸಹೋದರಿಯರಿಗೆ ಒಂದು ಮಾತು. ಇಡೀ ಪುಸ್ತಕವನ್ನು ಒಂದೇ ಕಡತವಾಗಿ ಮಾಡಬೇಡಿ. ಪಾಠಕ್ಕೊಂದು ಕಡತ ಇರಲಿ, ಪುಟ ಬದಲಾದಾಗಲೆಲ್ಲ ಪುಟಸಂಖ್ಯೆ ಹೇಳಿ. ಚಿತ್ರ ಅಥವಾ ಕೋಷ್ಟಕ ಬಂದರೆ ಹಾರಿಸಿಬಿಡದೆ ಅದರಲ್ಲಿ ಏನಿದೆ ಎಂದು ಎರಡು ವಾಕ್ಯಗಳಲ್ಲಿ ವಿವರಿಸಿ. ಪರೀಕ್ಷೆಯ ಹಿಂದಿನ ರಾತ್ರಿ ನಲವತ್ತನೆಯ ಪುಟವನ್ನು ಆ ಮಗು ತಾನೇ ಹುಡುಕಿಕೊಳ್ಳಬೇಕಲ್ಲ.